ತಿಪ್ಪೆ ಮಗುಚಲು ಸಣ್ಣ ಟ್ರ್ಯಾಕ್ಟರು

ತೆಂಗಿನ ಮರ ಹೆಚ್ಚುಕಮ್ಮಿ ತಿಂಗಳಿಗೊಂದು ಗರಿ ಉದುರಿಸುತ್ತದೆ. ವರ್ಷಕ್ಕೆ 12ರಿಂದ 14. ಎಕರೆಗೆ 70 ಮರ ಅಂತ ಹಿಡಿದರೆ ಒಂಬೈನೂರರ ಆಸುಪಾಸು. ಅದರ ಮೇಲೆ ಹೊಂಬಾಳೆ, ಕಾಯಿ ಸುಲಿದ ಸಿಪ್ಪೆ, ನಾರಿನ ಪುಡಿ. ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೋಟ ಇಟ್ಟುಕೊಂಡವರಿಗೆ ಕಸ ಅಂದರೆ ಇದೇ. ಹಿಂದೆ ಇದ್ಯಾವುದೂ ಕಸ ಆಗಿರಲಿಲ್ಲ. ಗರಿ ಹೆಣೆದು ಚಪ್ಪರಕ್ಕೆ ಹಾಕುತ್ತಿದ್ದರು. ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದರು. ಮಿಕ್ಕಿದ್ದು ನೀರೊಲೆಗೆ ಹೋಗುತ್ತಿತ್ತು. ಈಗ ಮದುವೆಗೆ ಶಾಮಿಯಾನ ಬರುತ್ತದೆ, ಸ್ನಾನದ ನೀರು ಸೋಲಾರಿನಲ್ಲಿ ಕಾಯುತ್ತದೆ. ಹಾಗಾಗಿ ಬೇಸಿಗೆ ಬಂತು ಅಂದರೆ ಬದುವಿನ ಮೇಲೆ ಗರಿ ಒಟ್ಟಿ ಬೆಂಕಿ ಇಡುತ್ತಾರೆ. ಅದೇ ವಾರ ಪೇಟೆಗೆ ಹೋಗಿ ಗೊಬ್ಬರದ ಮೂಟೆ ತರುತ್ತಾರೆ.

ನಮ್ಮ ತೋಟದಲ್ಲಿ ಅದೆಲ್ಲ ತಿಪ್ಪೆಗೆ ಹೋಗುತ್ತದೆ. ತಿಪ್ಪೆ ಅಂದರೆ ಹಿತ್ತಲ ಗುಂಡಿ ಅಲ್ಲ. 40 ಅಡಿ ಉದ್ದ, ಬುಡದಲ್ಲಿ 10 ಅಡಿ ಅಗಲ, 5 ಅಡಿ ಎತ್ತರದ ಸಾಲು ರಾಶಿ. ಎರಡೂ ಪಕ್ಕ ಇಳಿಜಾರು ಇರುವುದರಿಂದ ಹಿಡಿಯುವುದು ಸುಮಾರು 1,000 ಘನ ಅಡಿ. ಹಸಿ ಗೊಬ್ಬರದ ತೂಕದಲ್ಲಿ 15 ಟನ್ನಿನ ಹತ್ತಿರ. ಒಳಗೆ ಗಾಳಿಯಾಡುವ ಹಾಗೆ ಇಷ್ಟನ್ನು ಅಡಿ ಮೇಲು ಮಾಡಿ ಮಗುಚುವುದು ಹೇಗೆ? ಗುದ್ದಲಿ, ಮಂಕರಿ ಹಿಡಿದು ನಾಲ್ಕೈದು ಆಳು ಹಗಲೆಲ್ಲ ಬಡಿದಾಡಬೇಕು. ಆ ಆಳುಗಳು ಎಲ್ಲಿದ್ದಾರೆ? ಕಾಯಿ ಕೀಳಲಿಕ್ಕೇ ಜನ ಸಿಗದ ಕಾಲದಲ್ಲಿ ಸಗಣಿ ಮಗುಚಲು ಬನ್ನಿ ಅಂದರೆ ಯಾರೂ ಬರುವುದಿಲ್ಲ. ಬರಬೇಕು ಅಂತ ನಾನೂ ಅನ್ನುವುದಿಲ್ಲ. ಅದು ಸೊಂಟ ಮುರಿಯುವ ಕೆಲಸ.

ಮಗುಚಬೇಕೋ ಬೇಡವೋ ಅನ್ನುವ ಈ ಜಗಳ ಹಳೆಯದು. ಆಲ್ಬರ್ಟ್ ಹೋವರ್ಡ್ ಅನ್ನೋ ಇಂಗ್ಲಿಷ್ ಕೃಷಿ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಯಶವಂತ ವಾಡ್ ಅವರ ಜೊತೆ ಸೇರಿ ಒಂದು ಪದ್ಧತಿ ರೂಪಿಸಿದರು. ಕಸ, ಸಗಣಿ, ಗಂಜಲದ ಮಣ್ಣು, ಬೂದಿಯನ್ನು ಪದರ ಪದರವಾಗಿ ಹಾಕಿ, ಎರಡು ವಾರಕ್ಕೆ ಒಮ್ಮೆ, ತಿಂಗಳಿಗೆ ಮತ್ತೊಮ್ಮೆ, ಎರಡು ತಿಂಗಳಿಗೆ ಇನ್ನೊಮ್ಮೆ ಮಗುಚುವುದು. ಮೂರು ತಿಂಗಳಲ್ಲಿ ಗೊಬ್ಬರ ತಯಾರು. ಇದಾಗಿ ಕೆಲವೇ ವರ್ಷಕ್ಕೆ, 1939ರಲ್ಲಿ, ನಮ್ಮ ಬೆಂಗಳೂರಿನಲ್ಲೇ ಆಚಾರ್ಯ ಎಂಬ ವಿಜ್ಞಾನಿ ಇದಕ್ಕೆ ಉಲ್ಟಾ ದಾರಿ ಹಿಡಿದರು. ಗುಂಡಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮುಟ್ಟದೆ ಬಿಟ್ಟುಬಿಡುವುದು. ಆಳಿನ ಖರ್ಚಿಲ್ಲ, ನೀರು ಜಾಸ್ತಿ ಬೇಡ. ಆದರೆ ಆರೇಳು ತಿಂಗಳು ಕಾಯಬೇಕು. ಆಮೇಲೆ ಮಹಾರಾಷ್ಟ್ರದ ಪುಸದ್ ಊರಿನ ಪಂಢರಿಪಾಂಡೆ ಅವರ ನಾಡೆಪ್ ತೊಟ್ಟಿ ಬಂತು. ತೂತು ಬಿಟ್ಟು ಕಟ್ಟಿದ ಇಟ್ಟಿಗೆ ಗೋಡೆ ತಾನೇ ಗಾಳಿ ಕೊಡುತ್ತದೆ, ಅಲ್ಲೂ ಮಗುಚುವ ಹಾಗಿಲ್ಲ. ಒಂದು ದಾರಿಯಲ್ಲಿ ಆಳು ಖರ್ಚಾಗುತ್ತದೆ, ಇನ್ನೊಂದರಲ್ಲಿ ಕಾಲ.

ನಮ್ಮ ಅಜ್ಜಂದಿರ ತಿಪ್ಪೆಯನ್ನೂ ಯಾರೂ ಮಗುಚುತ್ತಿರಲಿಲ್ಲ, ನಿಜ ಹೇಳಬೇಕು ಅಂದರೆ. ದಿನಾ ಬೆಳಗ್ಗೆ ಕೊಟ್ಟಿಗೆಯ ಸಗಣಿ, ದನ ತಿಂದು ಬಿಟ್ಟ ರಾಗಿ ಹುಲ್ಲು, ಒಲೆ ಬೂದಿ ತಂದು ಸುರಿಯುವುದು. ದೀಪಾವಳಿಗೆ ಅದರ ಮೇಲೂ ಒಂದು ದೀಪ ಇಡುವುದು. ಬೇಸಿಗೆ ಕೊನೆಗೆ ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುವುದು. ಮೇಲಿನ ಒಂದು ಅಡಿ ಒಣಗಿದ ಕುರುಳು, ಮಧ್ಯದಲ್ಲಿ ಚೆನ್ನಾಗಿ ಕಳಿತದ್ದು, ಅಡಿಯಲ್ಲಿ ಗಾಳಿಯಾಡದೆ ನಾರುವ ಕಪ್ಪು ಕೆಸರು. ಸಾರ ಅರ್ಧ ಮಳೆಗೆ ತೊಳೆದು ಹೋಗಿರುತ್ತಿತ್ತು. ಹಿಂದಿನದೆಲ್ಲ ಬಂಗಾರ ಅನ್ನುವವರ ಜೊತೆ ನನಗೆ ಇಲ್ಲಿ ಮಾತ್ರ ತಕರಾರಿದೆ.

ತೆಂಗಿನವರಿಗೆ ಮುಟ್ಟದ ತಿಪ್ಪೆ ಇನ್ನೊಂದು ಕಾರಣಕ್ಕೂ ಆಗಿಬರುವುದಿಲ್ಲ. ಸುಳಿ ಕೊರೆಯುವ ರೈನಾಸರಸ್ ದುಂಬಿ, ಆ ಮೂಗಿನ ಮೇಲೆ ಕೊಂಬಿರುವ ಕಪ್ಪು ದುಂಬಿ, ಮೊಟ್ಟೆ ಇಡುವುದೇ ಕೊಳೆಯುವ ಸಗಣಿ ರಾಶಿಯಲ್ಲಿ, ಬಿದ್ದ ತೆಂಗಿನ ಕಾಂಡದಲ್ಲಿ. ಹೆಬ್ಬೆರಳು ಗಾತ್ರದ ಬಿಳಿ ಹುಳು ಒಳಗೆ ಬೆಚ್ಚಗೆ ಮಲಗಿ ತಿಂದು ಬೆಳೆಯುತ್ತದೆ. ಆಮೇಲೆ ದುಂಬಿಯಾಗಿ ಹಾರಿ ಮರದ ಸುಳಿಗೆ ನುಗ್ಗುತ್ತದೆ. ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದಲ್ಲ, ಅದು ಇದರದೇ ಕೆಲಸ. ಅದು ಮಾಡಿದ ಗಾಯಕ್ಕೆ ಕೆಂಪು ಮೂತಿ ಹುಳು ಬಂದರೆ ಮರವೇ ಹೋಯಿತು. ಅಂದರೆ ಮರಕ್ಕೆ ಗೊಬ್ಬರ ಮಾಡುತ್ತೇವೆ ಅಂದುಕೊಂಡು ಮರದ ಶತ್ರುವನ್ನು ಸಾಕುತ್ತಿರುತ್ತೇವೆ.

ಮಗುಚುವ ದಿನ ಇದಕ್ಕೆ ಅರ್ಧ ಪರಿಹಾರ ಸಿಗುತ್ತದೆ. ಟ್ರ್ಯಾಕ್ಟರಿನ ಮುಂದಿನ ಬಕೆಟ್ಟಿನಲ್ಲಿ ಮೊದಲ ತುತ್ತು ಎತ್ತಿ ಸುರಿಯುವಷ್ಟರಲ್ಲಿ ಗೊರವಂಕ, ಕಾಗೆ, ಬೆಳ್ಳಕ್ಕಿ ಎಲ್ಲಿಂದಲೋ ಬಂದು ಇಳಿಯುತ್ತವೆ. ಗೊರವಂಕಗಳಿಗಂತೂ ಟ್ರ್ಯಾಕ್ಟರಿನ ಭಯವೇ ಇಲ್ಲ. ಉಳಿದರ್ಧಕ್ಕೆ ಕೊಳೆಯುವಾಗ ರಾಶಿಯೊಳಗೆ ಏಳುವ ಕಾವು ಸಾಕು. ಹಕ್ಕಿಯ ಕಣ್ಣಿಗೂ ಕಾವಿಗೂ ತಪ್ಪಿಸಿಕೊಂಡವುಗಳಿಗೆ ಮೆಟಾರೈಜಿಯಮ್ ಅನ್ನೋ ಹಸಿರು ಬೂಷ್ಟು ಇದೆ. ಹುಳುವಿಗೆ ರೋಗ ತರುವ ಶಿಲೀಂಧ್ರ ಅದು. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಗೊಬ್ಬರದ ಗುಂಡಿಗೆ ಇದನ್ನು ಬೆರೆಸಿ ಅಂತ ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ನಾನು ಬೆರೆಸುವುದು ಕೊನೇ ಸಲ ಮಗುಚುವಾಗ. ಕಾವು ಇಳಿಯುವ ಮುಂಚೆ ಹಾಕಿದರೆ ಆ ಬೂಷ್ಟೇ ಬೆಂದುಹೋಗುತ್ತದೆ.

ಇನ್ನು ಯಂತ್ರದ ವಿಷಯ.

ಎಲ್ಲರೂ ಮೊದಲು ಹೇಳುವುದು ಜೆಸಿಬಿ ಕರೆಸು ಅಂತ. ಕರೆಸಬಹುದು. ಗಂಟೆಯೊಳಗೆ ಇಡೀ ರಾಶಿ ಆ ಕಡೆಯಿಂದ ಈ ಕಡೆ ಬಂದಿರುತ್ತದೆ. ನೋಡಲು ಖುಷಿ. ಆದರೆ ಅಷ್ಟು ದೊಡ್ಡ ಬಕೆಟ್ಟು ಒಂದೇ ಸಲಕ್ಕೆ ದೊಡ್ಡ ಗಟ್ಟಿಯನ್ನು ಎತ್ತಿ, ಗಟ್ಟಿಯಾಗೇ ಕೆಳಗಿಡುತ್ತದೆ. ಕೂಡಿಸಲು ಬಾರದವರು ಮಾಡಿದ ಮುದ್ದೆಯಲ್ಲಿ ಗಂಟು ಉಳಿದ ಹಾಗೆ, ಒಳಗಿದ್ದದ್ದು ಒಳಗೇ ಉಳಿಯುತ್ತದೆ. ಮೇಲಾಗಿ ಅದರ ಚಕ್ರ ರಾಶಿಯ ಅಂಚಿಗೆ ಹತ್ತಿದರೆ ಅಲ್ಲಿ ಗಾಳಿ ಸತ್ತಂತೆಯೇ. ಡ್ರೈವರ್ ಗಡಿಯಾರ ನೋಡುತ್ತಿರುತ್ತಾನೆ, ನಾವೂ ನೋಡುತ್ತಿರುತ್ತೇವೆ. ಗಂಟೆ ಬಾಡಿಗೆ ಕೊಟ್ಟು ನಿಧಾನವಾಗಿ ಸುರಿಯಪ್ಪಾ ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಸಣ್ಣ ಟ್ರ್ಯಾಕ್ಟರಿನ ದೌರ್ಬಲ್ಯವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾನು ಹೇಳುತ್ತಿರುವುದು ತೆಂಗು ಅಡಿಕೆ ಸಾಲುಗಳ ನಡುವೆ ಓಡಾಡಲು ಕೊಳ್ಳುವ 20ರಿಂದ 28 ಅಶ್ವಶಕ್ತಿಯ, ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿಗಳನ್ನು. ಮುಂದೆ ಬಕೆಟ್ಟು ಎತ್ತಿ ಇಳಿಸುವ ಒಂದು ಲೋಡರ್ ಕೂರಿಸಿದರೆ ಬಕೆಟ್ಟಿಗೆ ಸುಮಾರು 200 ಕೆಜಿ ಹಿಡಿಯುತ್ತದೆ. 15 ಟನ್ನಿಗೆ 75 ಬಕೆಟ್ಟು. ಒಂದಕ್ಕೆ ಎರಡು ನಿಮಿಷ ಅಂದರೆ ಎರಡೂವರೆ ಗಂಟೆ. ಜೆಸಿಬಿ ಮುಂದೆ ಇದು ಆಮೆ. ಆದರೆ ಚಿಕ್ಕ ಚಿಕ್ಕ ತುತ್ತು ಕಿತ್ತು, ಎತ್ತರದಿಂದ ಅಲ್ಲಾಡಿಸುತ್ತಾ ಸುರಿದಾಗ ಪ್ರತಿ ತುತ್ತೂ ಬಿಡಿಬಿಡಿಯಾಗಿ ಬೀಳುತ್ತದೆ. ನಡುವೆ ಗಾಳಿ ಸೇರುತ್ತದೆ. ಮಗುಚುವುದು ಅಂದರೆ ಇದೇ. ಜಾಗ ಬದಲಾದರೆ ಸಾಲದು, ಹೊರಗಿನದು ಒಳಗೆ ಹೋಗಬೇಕು, ಗಟ್ಟಿ ಒಡೆಯಬೇಕು.

ಕೆಲಸ ಶುರು ಮಾಡುವ ಮುಂಚೆ ಜಾಗ ಸರಿ ಇರಬೇಕು. ತೆಂಗಿನ ಸಾಲುಗಳ ನಡುವೆ 25 ಅಡಿ ಇರುತ್ತದಲ್ಲ, ಅಲ್ಲೇ ರಾಶಿ ಹಾಕೋಣ ಅನ್ನಿಸುತ್ತದೆ. ಲೆಕ್ಕ ಹಾಕಿ. ರಾಶಿಗೆ 10 ಅಡಿ ಹೋಯಿತು. ಬಕೆಟ್ಟಿನಿಂದ ಹಿಂದಿನ ಸಾಮಾನಿನವರೆಗೆ ಗಾಡಿಯೇ 13, 14 ಅಡಿ. ಅಡ್ಡಕ್ಕೆ ನಿಂತರೆ ಹಿಂದೆ ಮುಂದೆ ಆಡಲೂ ಜಾಗ ಉಳಿಯುವುದಿಲ್ಲ, ತಿರುಗುವುದು ಆಮೇಲಿನ ಮಾತು. ಹಾಗಾಗಿ ತೋಟದ ಅಂಚಿನ ಖಾಲಿ ಜಾಗವೇ ಗತಿ. ಅಲ್ಲಿ ಅಕ್ಕಪಕ್ಕ ಎರಡು ರಾಶಿಯ ಜಾಗ ಗುರುತು ಮಾಡಿ, ಮಧ್ಯೆ ಗಾಡಿ ತಿರುಗುವಷ್ಟು ದಾರಿ ಬಿಟ್ಟುಕೊಳ್ಳುವುದು. ಈ ಸಲ ಎಡಗಡೆಯ ರಾಶಿ ಬಲಗಡೆಗೆ, ಮುಂದಿನ ಸಲ ಬಲಗಡೆಯದು ಎಡಕ್ಕೆ. ದಾರಿಗೆ ನಾಲ್ಕು ಲೋಡು ಗರಸು ಹೊಡೆಸಿದರೆ ಮಳೆಗಾಲದಲ್ಲಿ ಚಕ್ರ ಹೂತುಕೊಳ್ಳುವುದಿಲ್ಲ.

ಎತ್ತರವನ್ನೂ ಬಕೆಟ್ಟೇ ನಿರ್ಧರಿಸುತ್ತದೆ. ಲೋಡರ್ ಆರೇಳು ಅಡಿ ಎತ್ತಬಹುದು, ಆದರೆ ರಾಶಿ 5 ಅಡಿ ದಾಟಿದರೆ ಮೇಲೆ ಸುರಿಯಲು ಗಾಡಿಯನ್ನೇ ರಾಶಿಗೆ ಹತ್ತಿಸುವ ಆಸೆ ಹುಟ್ಟುತ್ತದೆ. ಅದು ಬೇಡ. ತುಳಿದ ಗೊಬ್ಬರ ಮತ್ತೆ ಉಸಿರಾಡುವುದಿಲ್ಲ. ಅದಕ್ಕಿಂತ ಮುಖ್ಯ, ಒಳಗೆ ಎಲ್ಲಿ ಟೊಳ್ಳಾಗಿದೆ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ. ಒಂದು ಚಕ್ರ ಕುಸಿದರೆ ಸಾಕು, ಅಗಲ ಕಮ್ಮಿ ಇರುವ ಈ ಗಾಡಿಗಳು ಸಲೀಸಾಗಿ ಮಗುಚಿಕೊಳ್ಳುತ್ತವೆ. ಗೊಬ್ಬರ ಮಗುಚಲು ಹೋಗಿ ನಾವೇ ಮಗುಚಿಕೊಳ್ಳಬಾರದು.

ತೂಕದ ಮಾತು ಇನ್ನೊಂದು. ಬಕೆಟ್ಟು ತುಂಬಿದಾಗ ಮುಂದಿನ ಅಚ್ಚಿನ ಮೇಲೆ ಭಾರ ಬಿದ್ದು ಹಿಂದಿನ ಚಕ್ರ ಹಗುರಾಗುತ್ತದೆ. ಬ್ರೇಕು ಹಿಡಿಯುವುದು ಹಿಂದಿನ ಚಕ್ರಕ್ಕೆ ಅನ್ನುವುದು ನೆನಪಿರಲಿ. ಅದಕ್ಕೆ ಹಿಂದೆ ಭಾರ ಇರಲೇಬೇಕು. ಕೆಲವರು ಡ್ರಮ್ಮಿಗೆ ಕಾಂಕ್ರೀಟು ತುಂಬಿ ನೇತು ಹಾಕುತ್ತಾರೆ. ನಾನು ಮಣ್ಣು ಪುಡಿ ಮಾಡುವ ರೋಟವೇಟರನ್ನು ಹಿಂದಿನಿಂದ ಕಳಚದೆ ಹಾಗೇ ಮೇಲೆತ್ತಿ ಬಿಡುತ್ತೇನೆ, 200 ಕೆಜಿ ಮೇಲಿದೆ. ತುಂಬಿದ ಬಕೆಟ್ಟನ್ನು ಮೊಣಕಾಲ ಮಟ್ಟದಲ್ಲೇ ಇಟ್ಟುಕೊಂಡು ಓಡಾಡಬೇಕು. ಸುರಿಯುವ ಜಾಗಕ್ಕೆ ಹೋಗಿ ನಿಂತ ಮೇಲೆ ಎತ್ತಬೇಕು. ಬಕೆಟ್ಟು ಮೇಲೆತ್ತಿಕೊಂಡು ಸ್ಟೀರಿಂಗ್ ತಿರುಗಿಸುವುದು ಈ ಕೆಲಸದಲ್ಲಿರುವ ಅತಿ ದೊಡ್ಡ ಅಪಾಯ.

ನೆಲ ಕೆರೆಯದ ಹಾಗೆ ಬಕೆಟ್ಟು ಹಿಡಿಯುವುದನ್ನು ಕಲಿಯಲು ಕಾಲ ಬೇಕು. ಒಂದು ಇಂಚು ಮೇಲೆ ಹಿಡಿದರೆ ಒಳ್ಳೆಯದು. ಇಲ್ಲವಾದರೆ ಪ್ರತಿ ಸಲವೂ ಒಂದಿಷ್ಟು ಮಣ್ಣು, ಗರಸು ಎದ್ದು ಬರುತ್ತದೆ. ಮೂರು ಸಲ ಮಗುಚುವಷ್ಟರಲ್ಲಿ ಗೊಬ್ಬರದಲ್ಲಿ ಕಾಲು ಭಾಗ ಮಣ್ಣೇ. ಕೊಟ್ಟಿಗೆ ಗೊಬ್ಬರ ಅಂತ ಲೋಡುಗಟ್ಟಲೆ ಮಾರುವವರ ರಾಶಿ ಕೈಯಲ್ಲಿ ಹಿಡಿದು ನೋಡಿ, ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ಬಕೆಟ್ಟು ಇಲ್ಲದವರು ರಾಶಿಯನ್ನು ಒಂದು ಅಡಿ ದಪ್ಪಕ್ಕೆ ಹರಡಿ ರೋಟವೇಟರ್ ಹೊಡೆದು ಮತ್ತೆ ಒಟ್ಟುತ್ತಾರೆ. ಸಗಣಿ, ಸೊಪ್ಪು, ರಾಗಿ ಹುಲ್ಲಿಗೆ ಇದು ಚೆನ್ನಾಗೇ ಆಗುತ್ತದೆ, ಪುಡಿ ನುಣ್ಣಗೆ ಬರುತ್ತದೆ. ಆದರೆ ತೆಂಗಿನ ಗರಿ ಇದ್ದರೆ ಕಷ್ಟ. ಎಳೆ ಎಳೆಯಾಗಿ ರೋಟರಿಗೆ ಸುತ್ತಿಕೊಂಡು, ಮಚ್ಚು ತಗೊಂಡು ಕೆಳಗೆ ಮಲಗಿ ಕೊಯ್ಯಬೇಕು. ಗರಿ, ಎಡೆಮಟ್ಟೆಯನ್ನು ಶ್ರೆಡ್ಡರಿಗೆ ಕೊಟ್ಟು ಚೂರು ಮಾಡದೆ ತಿಪ್ಪೆಗೆ ಹಾಕುವುದೇ ತಪ್ಪು. ಟ್ರ್ಯಾಕ್ಟರಿನ ಪಿಟಿಒಗೆ, ಅಂದರೆ ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡುವ ತಿರುಗುವ ದಂಡಕ್ಕೆ, ಹಾಕುವ ಶ್ರೆಡ್ಡರ್ ಬಾಡಿಗೆಗೂ ಸಿಗುತ್ತದೆ ಈಗ.

ಇನ್ನು ಏನೇನು ಬೆರೆಸಬೇಕು ಅನ್ನೋದು. ನಾರಿನ ಪುಡಿಯಲ್ಲಿ ಸಾರಜನಕಕ್ಕಿಂತ ಇಂಗಾಲ 100 ಪಟ್ಟಿಗೂ ಜಾಸ್ತಿ. ಅದನ್ನೇ ರಾಶಿ ಹಾಕಿದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ, ನಾರು ಕಾರ್ಖಾನೆಗಳ ಪಕ್ಕ ನೋಡಿರುತ್ತೀರಲ್ಲ. ರಾಶಿಗೆ ಬೇಕಾದದ್ದು 25ರಿಂದ 30 ಪಟ್ಟು. ಅದಕ್ಕೆ ಸಗಣಿ, ಕುರಿ ಹಿಕ್ಕೆ, ಹೊಂಗೆ ಸೊಪ್ಪು, ಬೇಲಿಯ ಗ್ಲಿರಿಸಿಡಿಯಾ ಸೇರಬೇಕು. ತಕ್ಕಡಿ ಹಿಡಿದು ಮಾಡುವ ಕೆಲಸ ಅಲ್ಲ ಇದು. ಮಗುಚಿದ ಮೇಲೂ ಕಾವು ಏರದಿದ್ದರೆ ಸಗಣಿ ಕಮ್ಮಿ. ಮೂಗಿಗೆ ಅಮೋನಿಯಾ ಹೊಡೆದರೆ ಸಗಣಿ ಜಾಸ್ತಿ. ಆ ವಾಸನೆ ಅಂದರೆ ನಾವು ಹಾಕಿದ ಸಾರಜನಕ ಗಾಳಿಗೆ ಹೋಗುತ್ತಿದೆ ಅಂತ. ಆಗ ಒಣ ಗರಿಯ ಪುಡಿ ಇನ್ನಷ್ಟು ಸುರಿಯುವುದು.

ಕಾವು ನೋಡಲು ಉದ್ದ ಕಡ್ಡಿಯ ಥರ್ಮಾಮೀಟರ್ ಸಿಗುತ್ತದೆ. ಅದಿಲ್ಲದಿದ್ದರೆ ಒಂದು ಕಬ್ಬಿಣದ ಸರಳು ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ತುದಿ ಹಿಡಿಯಿರಿ. ಹಿಡಿದುಕೊಂಡಿರಲು ಆಗದಷ್ಟು ಸುಟ್ಟರೆ ಒಳಗೆ 55 ಡಿಗ್ರಿ ಮೇಲಿದೆ ಅನ್ನಬಹುದು. ಕಳೆ ಬೀಜ ಸಾಯುವುದು, ರೋಗಾಣು ಸಾಯುವುದು ಆ ಮಟ್ಟದಲ್ಲಿ. 70 ದಾಟಿದರೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಸಾಯಲು ಶುರುವಾಗುತ್ತವೆ. ಅಮೆರಿಕದಲ್ಲಿ ಸಾವಯವ ಬೆಳೆಗೆ ಬಳಸುವ ಸಾಲು ರಾಶಿಗೆ ಒಂದು ನಿಯಮ ಇದೆ: 15 ದಿನ 55 ಡಿಗ್ರಿ ಮೇಲಿರಬೇಕು, ಅಷ್ಟರಲ್ಲಿ ಐದು ಸಲ ಮಗುಚಬೇಕು. ಸಗಣಿಯ ರೋಗಾಣು ತರಕಾರಿ ಮೂಲಕ ತಿನ್ನುವವರಿಗೆ ದಾಟಬಾರದು ಅಂತ ಮಾಡಿದ ನಿಯಮ ಅದು. ಸೊಪ್ಪು, ಟೊಮ್ಯಾಟೊ ಬೆಳೆಯುವವರು ಅದನ್ನು ಗಂಭೀರವಾಗೇ ತಗೋಬೇಕು. ತೆಂಗಿನ ಬುಡಕ್ಕೆ ಹಾಕುವ ನಮಗೆ ಅಷ್ಟು ಬೇಕಿಲ್ಲ.

ಇಲ್ಲೇ ನನ್ನ ಮುಖ್ಯ ಮಾತು ಇರುವುದು. ಟ್ರ್ಯಾಕ್ಟರ್ ಇದೆ ಅಂದ ತಕ್ಷಣ ಕೈ ಸುಮ್ನೆ ಇರುವುದಿಲ್ಲ. ಭಾನುವಾರ ಬಂತು, ಒಂದು ರೌಂಡ್ ಮಗುಚೋಣ ಅನ್ನಿಸುತ್ತದೆ. ಆಳು ಮಗುಚುತ್ತಿದ್ದ ಕಾಲದಲ್ಲಿ ಕೂಲಿಯೇ ಲಗಾಮಾಗಿತ್ತು. ಈಗ ಐದಾರು ಲೀಟರ್ ಡೀಸೆಲ್ ಅಷ್ಟೆ. ಆದರೆ ಪ್ರತಿ ಸಲ ಮಗುಚಿದಾಗಲೂ ಒಂದಿಷ್ಟು ನೀರು ಆವಿಯಾಗುತ್ತದೆ, ಒಂದಿಷ್ಟು ಸಾರಜನಕ ಹಾರಿಹೋಗುತ್ತದೆ. ಕೊನೆಕೊನೆಗೆ ಗಟ್ಟಿ ನಾರನ್ನು ಕರಗಿಸುವ ಬಿಳಿ ಶಿಲೀಂಧ್ರದ ಎಳೆಗಳು ಹರಡಿಕೊಳ್ಳುತ್ತವೆ, ಅವನ್ನು ಪದೇ ಪದೇ ಹರಿದರೆ ಆ ಕೆಲಸ ಹಿಂದೆ ಬೀಳುತ್ತದೆ. ನಾನು ಕ್ಯಾಲೆಂಡರ್ ನೋಡುವುದನ್ನು ಬಿಟ್ಟು ಸರಳನ್ನು ನೋಡುತ್ತೇನೆ. ಕಾವು ಏರಿ, ನಿಂತು, ಇಳಿಯಲು ಶುರುವಾದಾಗ ಮಗುಚುವುದು. ಮಗುಚಿದ ಮೇಲೆ ಮತ್ತೆ ಏರಿದರೆ ಇನ್ನೂ ಕೆಲಸ ಬಾಕಿ ಇದೆ. ಏರದಿದ್ದರೆ, ತೇವವೂ ಸರಿಯಿದ್ದರೆ, ಮುಗಿಯಿತು. ಗಾಡಿ ಶೆಡ್ಡಿಗೆ ಹೋಗಲಿ.

ತೇವ ಅಂದೆನಲ್ಲ. ನಮ್ಮ ಕಡೆ ತಿಪ್ಪೆ ಸೋಲುವುದು ಗಾಳಿ ಸಾಲದೆ ಅಲ್ಲ, ಬಹುಪಾಲು ನೀರು ಸಾಲದೆ. ಮಾರ್ಚಿನ ಬಿಸಿಲಲ್ಲಿ ಮಗುಚಿದರೆ ಹೊಗೆಯ ಹಾಗೆ ಆವಿ ಏಳುತ್ತದೆ. ನೋಡಿದವರು ಫೋಟೊ ತೆಗೆಯುತ್ತಾರೆ. ಅಷ್ಟೂ ನೀರು ನಾವು ಬೋರ್‌ವೆಲ್‌ನಿಂದ ಎತ್ತಿದ್ದು. ಒಳಗೆ ಬೂದಿ ಬಣ್ಣದ ಪುಡಿ ಕಂಡರೆ ಅದು ಒಣಗಿ ಬೆಂದಿದೆ ಅಂತ ಅರ್ಥ. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಒಣಗಿದ ರಾಶಿಯ ಮೇಲಿನಿಂದ ಪೈಪ್ ಹಿಡಿದರೆ ನೀರು ಪಕ್ಕಕ್ಕೆ ಜಾರಿ ಹೋಗುತ್ತದೆ, ಒಳಕ್ಕೆ ಇಳಿಯುವುದಿಲ್ಲ. ಮಗುಚುವಾಗ ಬಕೆಟ್ಟಿನಿಂದ ಬೀಳುತ್ತಿರುವ ಗೊಬ್ಬರಕ್ಕೇ ನೀರು ಹಾರಿಸಬೇಕು. ಅದಕ್ಕೆ ಇನ್ನೊಬ್ಬರು ಬೇಕೇ ಬೇಕು. ಒಬ್ಬರೇ ಮಾಡುವ ಕೆಲಸ ಇದು ಅಂತ ಯಂತ್ರ ಮಾರುವವರು ಹೇಳುತ್ತಾರೆ, ನಂಬಬೇಡಿ.

ಆ ಬೂದಿ ಬಣ್ಣದ ಪುಡಿ ಉಸಿರಿಗೆ ಒಳ್ಳೆಯದಲ್ಲ. ಸುಮ್ನೆ ಧೂಳಲ್ಲ ಅದು, ಬೂಷ್ಟಿನ ಬೀಜ. ವರ್ಷಗಟ್ಟಲೆ ಎಳೆದುಕೊಂಡರೆ ಶ್ವಾಸಕೋಶ ಕೆಡುತ್ತದೆ. ಟವೆಲ್ ಸಾಲದು, ಮಾಸ್ಕ್ ಹಾಕಿ. ಗಾಳಿ ಬೆನ್ನಿಗೆ ಇರುವ ಹಾಗೆ ನಿಂತು ಕೆಲಸ ಮಾಡಿ. ಹಾಗೇ ಶುರು ಮಾಡುವ ಮೊದಲು ಬಕೆಟ್ಟನ್ನು ನಾಲ್ಕು ಸಲ ನೆಲಕ್ಕೆ ಕುಟ್ಟಿ ಸದ್ದು ಮಾಡಿ. ಬೆಚ್ಚಗಿನ ತಿಪ್ಪೆ ಕೇರೆ ಹಾವಿಗೆ ಮೊಟ್ಟೆ ಇಡುವ ಜಾಗ. ಅದು ಇಲಿ ತಿಂದು ಉಪಕಾರ ಮಾಡುವ ಹಾವು. ದಾರಿ ಬಿಟ್ಟರೆ ತಾನಾಗೇ ಹೋಗುತ್ತದೆ.

ಪಕ್ಕದ ತೋಟದ ಹಿರಿಯರು ಬೇಲಿ ಆಚೆಯಿಂದ ಇದನ್ನೆಲ್ಲ ನೋಡುತ್ತಾ ನಿಲ್ಲುತ್ತಾರೆ. ಒಂದು ದಿನ ಕೇಳಿದರು. "ಏನಪ್ಪಾ, ಗೊಬ್ಬರ ಮಾಡಕ್ಕೆ ಟ್ರ್ಯಾಕ್ಟರು ತಂದ್ಯೋ, ಟ್ರ್ಯಾಕ್ಟರಿಗೆ ಕೆಲ್ಸ ಕೊಡಕ್ಕೆ ಗೊಬ್ಬರ ಮಾಡ್ತಿದೀಯೋ?"

"ಎರಡೂ ಅಂತ ಇಟ್ಕೊಳಿ ದೊಡ್ಡಪ್ಪಾ," ಅಂದೆ.

ಅವರ ಪ್ರಶ್ನೆ ತಮಾಷೆಯಲ್ಲ. ಸಣ್ಣ ಟ್ರ್ಯಾಕ್ಟರೂ ಲಕ್ಷಗಟ್ಟಲೆ ಬಾಳುತ್ತದೆ, ಲೋಡರಿಗೆ ಬೇರೆ ದುಡ್ಡು. ಒಂದು ತಿಪ್ಪೆಗೋಸ್ಕರ ಕೊಂಡರೆ ಲೆಕ್ಕ ಕೂಡುವುದಿಲ್ಲ. ಉಳುಮೆಗೆ, ಔಷಧಿ ಹೊಡೆಯಲು, ಕಾಯಿ ಸಾಗಿಸಲು ಹೇಗೂ ಗಾಡಿ ಇದೆ ಅನ್ನುವವರಿಗೆ ಮಾತ್ರ ಇದು ಸರಿ. ತೆಂಗಿಗೆ ಮರಕ್ಕೆ ವರ್ಷಕ್ಕೆ 50 ಕೆಜಿ ಕೊಟ್ಟಿಗೆ ಗೊಬ್ಬರ ಅನ್ನುವುದು ಕೃಷಿ ವಿಶ್ವವಿದ್ಯಾಲಯದವರ ಶಿಫಾರಸು. ನೂರು ಮರಕ್ಕೆ 5 ಟನ್ನು. 15 ಟನ್ನಿನ ರಾಶಿ ಕಳಿತು ಮುಗಿಯುವಷ್ಟರಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಹಾಗೆ ನೋಡಿದರೆ ಎರಡು ಎಕರೆಗೆ ಒಂದು ರಾಶಿ ಆಯಿತು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರು ಕೆಜಿಗೆ ಅರ್ಧ ಕೆಜಿ ಅಷ್ಟೆ. ಮೂಟೆ ಗೊಬ್ಬರದ ಜೊತೆ ಆ ಲೆಕ್ಕದಲ್ಲಿ ಸ್ಪರ್ಧೆಗೆ ನಿಂತರೆ ತಿಪ್ಪೆ ಸೋಲುತ್ತದೆ. ಅದರ ಲಾಭ ಬೇಸಿಗೆಯಲ್ಲಿ ಗೊತ್ತಾಗುವುದು. ಬುಡದ ಮಣ್ಣು ನೀರು ಹಿಡಿದಿಡುತ್ತದೆ, ಹನಿ ನೀರಾವರಿಯ ಸಮಯ ಕಮ್ಮಿ ಮಾಡಬಹುದು.

ದೊಡ್ಡಪ್ಪ ಈಗ ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಅವರ ತೋಟದಲ್ಲಿ ಕುರಿ ಮಂದೆ ನಿಲ್ಲುತ್ತದೆ, ಹಿಕ್ಕೆ ಅವರದು. ನನ್ನದು ಗರಿ ಪುಡಿ ಮತ್ತು ಗಾಡಿ. ರಾಶಿ ನಮ್ಮ ಜಾಗದಲ್ಲಿ, ಡೀಸೆಲ್ ಅರ್ಧರ್ಧ. ಹೊರುವುದಕ್ಕೆ ಆಗುವುದಿಲ್ಲ ಅಂದಿದ್ದಾರೆ, ಪೈಪ್ ಹಿಡಿಯುವ ಕೆಲಸ ಅವರದು. ಜಗಳ ಉಳಿದಿರುವುದು ಒಂದೇ ವಿಷಯಕ್ಕೆ. ಗೊಬ್ಬರ ಹಂಚುವುದು ಬಕೆಟ್ಟಿನ ಲೆಕ್ಕದಲ್ಲೋ, ಟ್ರೇಲರಿನ ಲೆಕ್ಕದಲ್ಲೋ? ಬಕೆಟ್ಟಿನಲ್ಲಿ ಹಂಚಿದರೆ ಲಿವರ್ ನನ್ನ ಕೈಯಲ್ಲಿರುತ್ತದೆ ಅನ್ನುವುದು ಅವರ ಅನುಮಾನ.